ಬ್ರೇಕಕ್ಕನ ಕಾಲಿಗೆ ಕಟ್ಟಿದ ಬೆಲೆ

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಮನೆಯವರೆಲ್ಲ ಹೇಳುತ್ತಾರೆ. ಇರಲಿ. ಸದಾ ಅಲ್ಲೇ ಕೂತಿದ್ದ ಅದು ಬೇಕಾದ ದಿನ ಮಾತ್ರ ಹೊರಗೆ ಬರಲಿಲ್ಲವಲ್ಲ, ಆ ಸಂಕಟಕ್ಕೆ ಇದನ್ನು ಬರೆಯುತ್ತಿದ್ದೇನೆ.

ನಮ್ಮದೊಂದು ಡ್ರೈವಿಂಗ್ ಸ್ಕೂಲು. ನಮ್ಮದು ಎಂದರೆ ನನ್ನದೇನಲ್ಲ, ನನಗೆ ಸಂಬಳ ಕೊಡುವ ಯಜಮಾನರದು. ರಸ್ತೆಗೆ ಬಾಗಿಲಿರುವ ಒಂದು ಕೋಣೆ, ಅದರ ಹಿಂದೆ ಇನ್ನೊಂದು, ಹೊರಗೆ ಮೂರು ಕಾರು. ಮುಂದಿನ ಕೋಣೆಯಲ್ಲಿ ನಾನು. ಅರ್ಜಿ ತುಂಬುವುದು, ಫೀಸು ತೆಗೆದುಕೊಳ್ಳುವುದು, ಸಂಬಳದ ಪಟ್ಟಿ ಮಾಡುವುದು ಎಲ್ಲ ನನ್ನದೇ. ಒಂಬತ್ತು ವರ್ಷದಿಂದ ಅದೇ ಕುರ್ಚಿ, ಅದರ ಒಂದು ಕಾಲಿಗೆ ಮಡಚಿಟ್ಟ ಅದೇ ರಟ್ಟು. ಹಿಂದಿನ ಕೋಣೆಯಲ್ಲಿ ಯಜಮಾನರು, ಫ್ಯಾನಿನ ಕೆಳಗೆ.

ಮೂರು ಕಾರಿಗೆ ಕಲಿಸುವವರು ಮೂವರು. ಅದರಲ್ಲಿ ಇಬ್ಬರು ಗಂಡಸರು ವರ್ಷಕ್ಕೊಮ್ಮೆ ಬದಲಾಗುತ್ತಿದ್ದರು. ಬದಲಾಗದೆ ಉಳಿದವಳು ಅವಳೊಬ್ಬಳೇ, ಬ್ರೇಕಕ್ಕ. ಹೆತ್ತವರು ಇಟ್ಟ ಹೆಸರು ಸಂಬಳದ ಪಟ್ಟಿಯಲ್ಲಿ ಬಿಟ್ಟರೆ ಬೇರೆಲ್ಲೂ ಇರಲಿಲ್ಲ. ಕಲಿಯಲು ಬಂದವರು ಮೊದಲ ದಿನವೇ ಕೇಳುತ್ತಿದ್ದರು, "ಬ್ರೇಕಕ್ಕನ ಹತ್ರ ಹಾಕ್ತೀರಾ ಮೇಡಂ? ಇಲ್ಲಾಂದ್ರೆ ಮುಂದಿನ ತಿಂಗಳೇ ಬರ್ತೀನಿ."

ಕೇಳದೆ ಇರುತ್ತಾರೆಯೇ? ಹನ್ನೊಂದು ವರ್ಷದಲ್ಲಿ ಅವಳ ಕಾರು ಒಂದು ಕಂಬಕ್ಕೂ ತಾಗಿರಲಿಲ್ಲ. ಕಲಿಸುವ ಕಾರಿನಲ್ಲಿ ಬ್ರೇಕಿನ ಪೆಡಲು ಎರಡಿರುತ್ತವೆ. ಒಂದು ಕಲಿಯುವವರ ಕಾಲಡಿ, ಇನ್ನೊಂದು ಪಕ್ಕದಲ್ಲಿ ಕೂತು ಕಲಿಸುವವರ ಕಾಲಡಿ. ಸ್ಟೇರಿಂಗ್ ಹಿಡಿದವರು ಹೆದರಿ ಕಣ್ಣು ಮುಚ್ಚಿಕೊಂಡರೂ ಅವಳ ಬಲಗಾಲು ಎಚ್ಚರವಾಗಿರುತ್ತಿತ್ತು. ಬಾಯಲ್ಲಿ ಮಾತ್ರ ಬೈಗುಳ. "ಏನಮ್ಮಾ, ಆ ಲಾರಿಯವನು ನಿಮ್ಮ ಸೋದರಮಾವನಾ? ಹೋಗಿ ಅಪ್ಪಿಕೊಳ್ಳೋಕೆ ಹೊರಟಿದೀರಲ್ಲ!" ಎನ್ನುವಳು. ಬೈಸಿಕೊಂಡವರು ನಕ್ಕುಬಿಡುತ್ತಿದ್ದರು. ನಗುತ್ತಲೇ ಕಲಿಯುತ್ತಿದ್ದರು.

ಈಗ ವಿಷಯಕ್ಕೆ ಬರುತ್ತೇನೆ. ಪೆಡಲು ಎರಡಾದರೂ ಪ್ಯಾಡು ಒಂದೇ ಸೆಟ್ಟು. ಚಕ್ರದ ಜೊತೆ ತಿರುಗುವ ಡಿಸ್ಕನ್ನು ಎರಡೂ ಬದಿಯಿಂದ ಅವುಚಿ ಹಿಡಿದು ನಿಲ್ಲಿಸುವ, ಅಂಗೈಯಗಲದ ತುಂಡುಗಳು ಅವು. ಯಾರು ಒತ್ತಿದರೂ ಸವೆಯುವುದು ಅವೇ. ದಿನಕ್ಕೆ ಎಂಟು ಜನ ಹೊಸಬರು, ಒಬ್ಬೊಬ್ಬರದೂ ಮುಕ್ಕಾಲು ಗಂಟೆ, ಹೆಜ್ಜೆಗೊಮ್ಮೆ ಬ್ರೇಕು. ನಾಲ್ಕು ತಿಂಗಳಿಗೆ ಪ್ಯಾಡು ಸವೆದು ಕಾಗದವಾಗುತ್ತಿದ್ದವು.

ಹೋದ ವರ್ಷ ಒಂದು ದಿನ ಗ್ಯಾರೇಜಿನ ಬಿಲ್ಲು ಬಂತು. ಪ್ಯಾಡಿಗೆ ಎರಡು ಸಾವಿರದ ನೂರು, ಡಿಸ್ಕ್ ಸಮ ಮಾಡಿದ್ದಕ್ಕೆ ಒಂಬೈನೂರು, ಕೂಲಿ ಸಾವಿರದ ಆರುನೂರು, 'ಇತರೆ' ಎಂದು ನಾನೂರು. ಒಟ್ಟು ಐದು ಸಾವಿರ. ಆ 'ಇತರೆ' ಏನೆಂದು ಗ್ಯಾರೇಜಿನವನಿಗೂ ಗೊತ್ತಿರಲಿಕ್ಕಿಲ್ಲ. ಯಜಮಾನರು ಬಿಲ್ಲು ಹಿಡಿದುಕೊಂಡು ನನ್ನ ಮೇಜಿಗೆ ಬಂದರು.

"ನನ್ನ ಸ್ವಂತ ಕಾರಿಗೆ ಪ್ಯಾಡ್ ಹಾಕ್ಸಿ ಮೂರು ವರ್ಷ ಆಯ್ತು. ಆಯಮ್ಮನ ಕಾರಿಗೆ ವರ್ಷಕ್ಕೆ ಮೂರು ಸಲ! ಕಾಲಿಗೆ ಕಲ್ಲು ಕಟ್ಕೊಂಡು ಒತ್ತುತಾಳಾ ಹೆಂಗೆ?"

"ಸಾರ್, ನಿಮ್ಮ ಕಾರು ಓಡಿಸೋದು ನೀವು. ಅವಳ ಕಾರು ಓಡಿಸೋದು ಕಾರು ಓಡಿಸೋಕೆ ಬರದೇ ಇರೋರು" ಎಂದೆ.

"ನಿಮಗೆ ಅದೆಲ್ಲ ಗೊತ್ತಾಗಲ್ಲ. ಬರ್ಕೊಳ್ಳಿ."

ಬರೆದುಕೊಂಡೆ. ನನ್ನ ಕೈಗೆ ಏನು ಬಂದಿತ್ತೋ! ವರ್ಷಕ್ಕೆ ಒಂದು ಸೆಟ್ ಪ್ಯಾಡು ಮಾತ್ರ ಸ್ಕೂಲಿನದು, ಅದಕ್ಕಿಂತ ಹೆಚ್ಚಾದರೆ ಆ ಖರ್ಚು ಕಲಿಸುವವರ ಸಂಬಳದಿಂದ. ಟೈಪು ಮಾಡಿದವಳು ನಾನು. ತಪ್ಪಿಲ್ಲದಂತೆ ಎರಡು ಸಲ ಓದಿ, ಗೋಡೆಗೆ ಅಂಟಿಸಿದವಳೂ ನಾನೇ. ಮನೆಯಲ್ಲಿ ಮಗಳು ಮಾಡಿದ ಸಾರಿಗೆ ಉಪ್ಪು ಕಮ್ಮಿಯಾದರೆ ಬೀದಿಗೆ ಕೇಳುವ ಹಾಗೆ ಕೂಗಾಡುವ ನನಗೆ ಅವತ್ತು ನಾಲಿಗೆ ಬಿದ್ದುಹೋಗಿತ್ತೇ?

ಸಂಜೆ ಅವಳು ಬಂದು ಓದಿದಳು. "ಅಕ್ಕಾ, ಇದು ನನಗೇ ಅಲ್ವಾ?"

"ಮೂವರಿಗೂ ಕಣೇ."

"ಬರೆದಿರೋದು ಮೂವರಿಗೂ. ಆದ್ರೆ ವರ್ಷಗಟ್ಟಲೆ ಇಲ್ಲಿರೋದು ನಾನೊಬ್ಬಳೇ." ಅಷ್ಟು ಹೇಳಿ ಬೀಗದಕೈ ಗೂಟಕ್ಕೆ ನೇತುಹಾಕಿ ಹೋದಳು.

ಅವಳ ಸಂಬಳ ಹದಿನೆಂಟು ಸಾವಿರ. ಗಂಡ ಲೇತ್ ಕೆಲಸದವನು, ಮಗಳು ಕಾಲೇಜಿನಲ್ಲಿ. ವರ್ಷದ ಒಂದು ಸೆಟ್ಟು ಆಗಲೇ ಮುಗಿದಿತ್ತು, ಹಾಗಾಗಿ ಆ ತಿಂಗಳು ಐದು ಸಾವಿರ ಹಿಡಿದು ಹದಿಮೂರು ಎಣಿಸಿ ಕೊಟ್ಟೆ. ಮಗಳ ಫೀಸಿಗೆ ಕಿವಿಯೋಲೆ ಗಿರವಿ ಅಂಗಡಿಗೆ ಹೋಯಿತು. ಮುಂದಿನ ಸೆಟ್ಟು ಸವೆಯುವ ಹೊತ್ತಿಗೆ ಅವಳ ಗಂಡ ಹೇಳಿದನಂತೆ, "ಕಬ್ಬಿಣದ ಕೆಲಸ ಮಾಡೋನ ಮನೇಲಿ ಇದ್ಕೊಂಡು ಗ್ಯಾರೇಜಿಗೆ ಯಾಕೆ ಸುರೀತೀಯ? ಭಾನುವಾರ ಕಾರು ಮನೆಗೆ ತಗೊಂಡ್ ಬಾ."

ಅವರ ಮನೆ ನಮ್ಮ ಹಿಂದಿನ ಬೀದಿ. ಆ ಭಾನುವಾರ ನಾನೂ ಹೋಗಿ ಮೆಟ್ಟಿಲ ಮೇಲೆ ಕೂತೆ. ಹಿಂದಿನ ಚಕ್ರಕ್ಕೆ ಕಲ್ಲು ಕೊಟ್ಟು, ಜಾಕ್ ಎತ್ತಿ, ಮುಂದಿನ ಚಕ್ರ ಕಳಚಿದರು. ಪ್ಯಾಡು ಹಿಡಿದಿಡುವ ಕ್ಯಾಲಿಪರನ್ನು ಬಿಚ್ಚಿ, ಅದರ ಪೈಪು ಜಗ್ಗದಂತೆ ತಂತಿಯಿಂದ ಮೇಲಕ್ಕೆ ಕಟ್ಟಿದರು. ಹೊಸ ಪ್ಯಾಡು ದಪ್ಪ, ಹಿಡಿಸಬೇಕಾದರೆ ಒಳಗಿನ ಪಿಸ್ಟನ್ನನ್ನು ಹಿಂದಕ್ಕೆ ತಳ್ಳಬೇಕು. ತಳ್ಳುವಾಗ ಗಂಡನ ಬೆರಳ ಗೆಣ್ಣಿನ ಚರ್ಮ ಸುಲಿಯಿತು. ಎರಡೂ ಚಕ್ರ ಮುಗಿಯಲು ಮೂರು ಗಂಟೆ. ಗಂಡ ಮೀಸೆ ತಿರುವಿ ಸ್ಟೇರಿಂಗ್ ಹಿಂದೆ ಕೂತ, ಪಕ್ಕದಲ್ಲಿ ಅವಳು. ಗಾಡಿ ಹೊರಟಿತು. ಬ್ರೇಕ್ ಒತ್ತಿದರೆ ಪೆಡಲು ಸೀದಾ ತಳಕ್ಕೆ!

"ಒತ್ತೇ, ಒತ್ತೇ!" ಎಂದು ಗಂಡ ಕಿರುಚಿದ.

"ಒತ್ತಿದೀನಿ ಕಣ್ರೀ! ಇದೂ ತಳಕ್ಕೆ ಹೋಗಿದೆ!"

ಹಿಂದಕ್ಕೆ ತಳ್ಳಿದ ಪಿಸ್ಟನ್ ಮತ್ತೆ ಮುಂದೆ ಬರಲು, ಗಾಡಿ ಹೊರಡಿಸುವ ಮೊದಲೇ ಪೆಡಲನ್ನು ಹತ್ತಿಪ್ಪತ್ತು ಸಲ ಒತ್ತಿಬಿಡಬೇಕಂತೆ. ಇಬ್ಬರೂ ಮರೆತಿದ್ದರು. ಅವಳು ಹ್ಯಾಂಡ್‌ಬ್ರೇಕ್ ಎಳೆಯುವಷ್ಟರಲ್ಲಿ ಎದುರುಮನೆಯ ಎರಡು ಹೂಕುಂಡ ಪುಡಿ. ಎದುರುಮನೆಯಾಕೆ ಸೊಂಟಕ್ಕೆ ಕೈಕೊಟ್ಟು ಬಂದು ನಿಂತಳು. ನಾವು ಮೂವರೂ ಹೊಟ್ಟೆ ಹುಣ್ಣಾಗುವಷ್ಟು ನಕ್ಕೆವು. ಪ್ಯಾಡಿಗೆ ಎರಡು ಸಾವಿರದ ನೂರು, ಕುಂಡಕ್ಕೆ ಮುನ್ನೂರು. ಆದರೂ ಅರ್ಧಕ್ಕರ್ಧ ಉಳಿದಿತ್ತು.

ನನ್ನ ಬಾಯಿಗೆ ಬೀಗ ಇಲ್ಲ. ಮರುದಿನ ಯಜಮಾನರ ಮುಂದೆ ಜಂಬ ಕೊಚ್ಚಿದೆ, "ನೋಡಿ ಸಾರ್, ಗ್ಯಾರೇಜಿನವನು ಐದು ಸಾವಿರ ಕೇಳಿದ್ದನ್ನ ಅವಳು ಮನೇಲೇ ಮಾಡಿ ಮುಗಿಸಿದಾಳೆ." ಅವರು ನಾಚಿಕೊಳ್ಳುತ್ತಾರೆ ಎಂದುಕೊಂಡಿದ್ದೆ. ಆ ಮನುಷ್ಯನ ಮುಖ ಅರಳಿತು!

"ಒಳ್ಳೇದಾಯ್ತು. ಹಾಗಿದ್ರೆ ಮೂರೂ ಕಾರಿಗೆ ಅವರೇ ಹಾಕ್ಲಿ ಬಿಡಿ. ಸುಮ್ನೆ ಗ್ಯಾರೇಜಿಗೆ ಯಾಕೆ?"

"ಕೂಲಿ ಎಷ್ಟು ಕೊಡ್ತೀರಾ ಸಾರ್?"

"ಮನೆ ಕೆಲಸಕ್ಕೆ ಕೂಲಿನಾ? ನೀವೂ ಚೆನ್ನಾಗಿ ಹೇಳ್ತೀರಿ."

ನನ್ನ ಮೈಯೆಲ್ಲ ಉರಿದುಹೋಯಿತು. ಆದರೂ ಹಲ್ಲು ಕಚ್ಚಿಕೊಂಡು ಹೋಗಿ ಅವಳಿಗೆ ಹೇಳಿದೆ. ಅವಳು ನನ್ನನ್ನು ಬೈಯಲೂ ಇಲ್ಲ. "ನೀನು ಒಳ್ಳೇದಕ್ಕೇ ಹೇಳಿದೆ ಬಿಡಕ್ಕಾ" ಎಂದಳು. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಅಲ್ಲಿಂದ ಮುಂದೆ ಅವಳ ಭಾನುವಾರಗಳು ಬೇರೆಯವರ ಚಕ್ರಗಳ ಕೆಳಗೆ ಕಳೆದವು.

ಆಮೇಲೆ ನಿಧಾನವಾಗಿ ಅವಳ ವರಸೆ ಬದಲಾಯಿತು. ಮಾರುಕಟ್ಟೆಯ ಕಡೆ ಹೋಗುತ್ತಿದ್ದವಳು ಖಾಲಿ ಬಡಾವಣೆಗಳಲ್ಲೇ ಸುತ್ತಿಸತೊಡಗಿದಳು. ಬೈಗುಳ ಕಮ್ಮಿಯಾಯಿತು. ಬದಲಿಗೆ "ನೀವೇ ಒತ್ತಿ, ನೀವೇ ಒತ್ತಿ" ಎನ್ನುತ್ತಾಳೆಂದು ಕಲಿಯುವವರು ಬಂದು ಹೇಳಿದರು. ಒಂದು ದಿನ ಖುಷಿಯಿಂದ ಬಂದಳು. "ಅಕ್ಕಾ, ಈ ಸಲದ ಪ್ಯಾಡು ಆರು ತಿಂಗಳಾದ್ರೂ ಇನ್ನೂ ಅರ್ಧ ಇದೆ ನೋಡು!" ನಾನೂ ದಡ್ಡಿ, "ಭೇಷ್!" ಎಂದೆ. ಆರು ತಿಂಗಳು ಹೇಗೆ ಬಂತು ಎಂದು ಕೇಳಬೇಕಾಗಿತ್ತು. ಕೇಳಲಿಲ್ಲ.

ಗುರುವಾರ ಲೈಸೆನ್ಸ್ ಕಚೇರಿಗೆ ಕಾಗದಪತ್ರ ಒಯ್ಯುವುದು ನನ್ನ ಕೆಲಸ. ಹಾಗೊಂದು ಗುರುವಾರ ಅವಳ ಕಾರಿನ ಹಿಂದಿನ ಸೀಟಿನಲ್ಲೇ ಹೊರಟೆ. ಓಡಿಸುತ್ತಿದ್ದವಳು ಬಟ್ಟೆ ಅಂಗಡಿಯ ಹೆಂಗಸು, ನಾಲ್ಕನೇ ದಿನದ ಪಾಠ. ತಿರುವಿನಲ್ಲಿ ಒಬ್ಬ ಮುದುಕ ಸೈಕಲ್ ತಳ್ಳಿಕೊಂಡು ರಸ್ತೆ ದಾಟುತ್ತಿದ್ದ. ನನಗೇ ಕಂಡ. ಬ್ರೇಕಕ್ಕನಿಗೆ ಕಾಣದೆ ಇರುತ್ತಾನೆಯೇ? ಎರಡು ಸೀಟಿನ ನಡುವಿನಿಂದ ಅವಳ ಕಾಲು ನನಗೆ ಕಾಣುತ್ತಿತ್ತು. ಪೆಡಲಿನ ಮೇಲೇ ಇತ್ತು.

"ಒತ್ತಿ" ಎಂದಳು, ಬಟ್ಟೆ ಅಂಗಡಿಯವಳಿಗೆ. "ಬ್ರೇಕ್ ಒತ್ತಿ. ನೀವೇ ಒತ್ತಿ."

ಆಕೆ ಒತ್ತಲಿಲ್ಲ. ಗಾಬರಿಯಲ್ಲಿ ಕೈಕಾಲು ಆಡದೆ ಕೂತಿದ್ದಳು. ಆಗ ಬ್ರೇಕಕ್ಕ ಒತ್ತಿದಳು, ಕಾರು ಕಿರ್ರೆಂದು ನಿಂತಿತು. ಆದರೆ ಅಷ್ಟರಲ್ಲಿ ಬಂಪರು ಸೈಕಲ್ಲಿನ ಮುಂದಿನ ಚಕ್ರಕ್ಕೆ ಬಡಿದು ಮುದುಕ ಕೈಯೂರಿ ಬಿದ್ದಿದ್ದ.

ಮಣಿಕಟ್ಟಿನ ಮೂಳೆ ಮುರಿದಿತ್ತು, ಬೇರೇನೂ ಆಗಿರಲಿಲ್ಲ. ಆಸ್ಪತ್ರೆಯಲ್ಲಿ ಅವನನ್ನು ಎಕ್ಸ್‌ರೇ ಕೋಣೆಗೆ ಕರೆದೊಯ್ದ ಮೇಲೆ ನಾವಿಬ್ಬರೂ ಹೊರಗಿನ ಬೆಂಚಿನ ಮೇಲೆ ಕೂತೆವು.

"ಹೋಗ್ಲಿ ಬಿಡೇ, ಪುಣ್ಯಕ್ಕೆ ಕೈಗಷ್ಟೇ ಹೋಯ್ತು" ಎಂದೆ.

"ನಾನು ನೋಡಿದ್ದೆ ಅಕ್ಕಾ." ಎಂದಳು. "ಆ ಅಜ್ಜ ರಸ್ತೆಗೆ ಇಳಿಯೋಕೆ ಮುಂಚೆನೇ ನೋಡಿದ್ದೆ. ಕಾಲು ಅಲ್ಲೇ ಇತ್ತು. ಆಯಮ್ಮನೇ ಒತ್ತಲಿ, ನಿಧಾನಕ್ಕೆ ಒತ್ತಿದ್ರೆ ಪ್ಯಾಡು ಉಳಿಯುತ್ತೆ ಅಂತ ಕಾದೆ. ಒಬ್ಬ ಮನುಷ್ಯ ಕಣ್ಣೆದುರಿಗಿದ್ದಾಗ ನನ್ನ ತಲೆ ಪ್ಯಾಡಿನ ಲೆಕ್ಕ ಹಾಕ್ತು ಅಕ್ಕಾ."

ಆ ಲೆಕ್ಕವನ್ನು ಅವಳ ತಲೆಗೆ ತುಂಬಿದ ಕಾಗದ ಟೈಪು ಮಾಡಿದ್ದು ಯಾರು?

ಅಷ್ಟರಲ್ಲಿ ಯಜಮಾನರು ಬಂದರು. ಬಂದವರೇ ಕೇಳಿದ ಮೊದಲ ಮಾತು, "ಕಾರಿಗೆ ಏನೂ ಆಗಿಲ್ಲ ತಾನೆ?"

ನನ್ನ ಪಿತ್ತ ನೆತ್ತಿಗೇರಿತು. "ಏನೂ ಆಗಿಲ್ಲ ಸಾರ್! ಪ್ಯಾಡಂತೂ ಇನ್ನೂ ಅರ್ಧ ಇದೆ! ಬಿಚ್ಚಿಕೊಂಡು ಹೋಗಿ ನಿಮ್ಮ ಷೋಕೇಸಲ್ಲಿ ಇಟ್ಕೊಳ್ಳಿ! ಒಳಗೆ ಒಬ್ಬರ ಕೈ ಮುರಿದಿದೆ, ಅದನ್ನ ಕೇಳೋಕೆ ಬಾಯಿ ಬರಲ್ವಾ? ಎರಡು ಸಾವಿರದ ನೂರು! ಆ ದುಡ್ಡಿಗೆ ಈ ಹುಡುಗಿ ಕಾಲಿಗೆ ಸರಪಳಿ ಹಾಕಿದ್ರಲ್ಲ, ನೀವೂ ಒಬ್ಬ ಮನುಷ್ಯರಾ?" ನರ್ಸು ಬಂದು ಸುಮ್ಮನಿರಿ ಎಂದಳು. ನಾನು ಸುಮ್ಮನಾಗಲಿಲ್ಲ. ಆಸ್ಪತ್ರೆಯ ಅರ್ಧ ಜನ ಬಂದು ನಿಂತು ನೋಡಿದರು, ನೋಡಲಿ ಎಂದು ಇನ್ನೂ ಜೋರು ಮಾಡಿದೆ. ಒಂದು ವರ್ಷ ತಡವಾಗಿ ಬಂದ ಕೋಪ ಅದು.

ಪೊಲೀಸು, ಕೋರ್ಟು ಎಂಬ ಹೆದರಿಕೆಗೋ ಏನೋ, ಯಜಮಾನರು ಮುದುಕನ ಖರ್ಚೆಲ್ಲ ಕೊಟ್ಟರು. ಮರುದಿನ ಗೋಡೆಯ ಕಾಗದ ಕಿತ್ತೆ, ಅವರು ಕಂಡೂ ಕಾಣದಂತೆ ಒಳಗೆ ಹೋದರು. ಹಿಡಿದ ದುಡ್ಡನ್ನೆಲ್ಲ ವಾಪಸು ಕೊಡಲು ಒಪ್ಪಿಸಿದೆ. ಪ್ಯಾಡು ಇನ್ನು ಗ್ಯಾರೇಜಿನಲ್ಲೇ, ಸ್ಕೂಲಿನ ಖರ್ಚಿನಲ್ಲೇ. ಎಲ್ಲ ಆಯಿತು, ಅವಳು ಮಾತ್ರ ಬರಲಿಲ್ಲ.

ಹತ್ತು ದಿನ ಕಾದು, ದುಡ್ಡಿನ ಲಕೋಟೆ ಹಿಡಿದು ಅವಳ ಮನೆಗೆ ಹೋದೆ. ಅಡುಗೆಮನೆಯ ನೆಲದ ಮೇಲೆ ಕಾಲು ಚಾಚಿ ಬಟಾಣಿ ಸುಲಿಯುತ್ತಿದ್ದಳು. ಲಕೋಟೆ ತೆಗೆದುಕೊಂಡು ಪಕ್ಕಕ್ಕಿಟ್ಟಳು, ಎಣಿಸಲಿಲ್ಲ.

"ನಾಳೆಯಿಂದ ಬಾರೇ. ಮುಂಗಡ ಕೊಟ್ಟೋರು ಆರು ಜನ ನಿನಗೇ ಕಾಯ್ತಿದಾರೆ. ಇನ್ನು ಯಾರೂ ನಿನ್ನ ಕಾಲಿನ ತಂಟೆಗೆ ಬರಲ್ಲ."

"ಅವರು ಬರಲ್ಲ ಅಕ್ಕಾ. ನನ್ನ ಕಾಲೇ ನನ್ನ ಮಾತು ಕೇಳುತ್ತೋ ಇಲ್ವೋ ಅಂತ ಭಯ."

"ಹುಚ್ಚಿ! ಹನ್ನೊಂದು ವರ್ಷದಲ್ಲಿ ಒಂದೇ ಸಲ ತಪ್ಪಿದ್ದು. ಅದೂ ನಿನ್ನ ತಪ್ಪಲ್ಲ, ನಮ್ಮದು."

ಅವಳು ಬಟಾಣಿ ಬಿಟ್ಟು ನನ್ನ ಮುಖ ನೋಡಿದಳು. "ನಿನ್ನ ಮಗಳಿಗೆ ಹದಿನೆಂಟು ತುಂಬ್ತಲ್ಲ. ನಾಳೆ ಬರ್ತೀನಿ. ಮೊದಲು ಅವಳನ್ನ ಕಳಿಸ್ತೀಯಾ, ನನ್ನ ಪಕ್ಕದಲ್ಲಿ ಕೂತು ಕಲಿಯೋಕೆ?"

"ಕಳಿಸ್ತೀನಿ" ಎಂದೆ.

ಎಂದೆ, ನಿಜ. ಆದರೆ ಕೇಳಿದ ಕೂಡಲೇ ಹೇಳಲಿಲ್ಲ. ಅರೆಕ್ಷಣ ತಡವಾಯಿತು. ನನಗೂ ಅದು ಗೊತ್ತಾಯಿತು, ಅವಳಿಗೂ ಗೊತ್ತಾಯಿತು. ಅವಳು ಬೇಜಾರು ಮಾಡಿಕೊಳ್ಳಲಿಲ್ಲ. ತಲೆ ಬಗ್ಗಿಸಿ ಇನ್ನೊಂದು ಬಟಾಣಿ ತೆಗೆದುಕೊಂಡು ಸುಲಿಯತೊಡಗಿದಳು.