ನಮ್ಮ ಬಡಾವಣೆಯ ನಾಲ್ಕನೆಯ ನಿಯಮ

ಹಾನಗಲ್ಲಿನ ಅಂಚಿಗಿರುವ ನಮ್ಮ ಬಡಾವಣೆಯ ನಿವಾಸಿಗಳ ಸಂಘಕ್ಕೆ ನಾನು ಕಾರ್ಯದರ್ಶಿಯಾದದ್ದು ನನ್ನ ಅಕ್ಷರ ದುಂಡಗಿದೆ ಎಂಬ ಒಂದೇ ಕಾರಣಕ್ಕೆ. ಆಗ ತಿಳವಳ್ಳಿಯ ಶಾಲೆಯಲ್ಲಿ ಶಿಕ್ಷಕಿಯಾಗಿದ್ದೆ. ಮನೆ ನನ್ನ ಹೆಸರಿನಲ್ಲಿದ್ದುದರಿಂದ ಸಂಘದಲ್ಲಿದ್ದ ಒಬ್ಬಳೇ ಹೆಂಗಸು ನಾನು. ಮನೆಯ ಉತಾರದಲ್ಲಿ, ಅಂದರೆ ಹಕ್ಕಿನ ದಾಖಲೆಯಲ್ಲಿ, ಯಾರ ಹೆಸರಿದೆಯೋ ಅವರು ಮಾತ್ರ ಸದಸ್ಯರು, ಅವರಿಗಷ್ಟೇ ಮಾತು, ಅವರಿಗಷ್ಟೇ ಮತ ಎಂದು ಬೈಲಾದ ನಾಲ್ಕನೆಯ ನಿಯಮ ಹೇಳುತ್ತಿತ್ತು.

ಒಂದು ಬೇಸಿಗೆಯಲ್ಲಿ ಟ್ಯಾಂಕಿಗೆ ನೀರು ಏರಿಸುವ ಮೋಟಾರು ಸುಟ್ಟಿತು. ಶಾಲೆಗೆ ರಜೆ, ನಾನು ಮನೆಯಲ್ಲೇ ಇದ್ದೆ. ಗಂಡಸರು ಸವಣೂರು, ಶಿಗ್ಗಾವಿ ಎಂದು ಕೆಲಸಕ್ಕೆ ಹೋಗಿದ್ದರು. ಅಧ್ಯಕ್ಷರು ಹಿರೇಕೆರೂರಿನಲ್ಲಿದ್ದ ಮಗಳ ಮನೆಯಲ್ಲಿದ್ದರು, ಫೋನು ಎತ್ತಲಿಲ್ಲ. ದುರಸ್ತಿ ಮಾಡಿಸಲು ನನ್ನೊಬ್ಬಳ ಸಹಿ ಸಾಲದು, ಸಮಿತಿಯ ಉಳಿದವರ ಸಹಿಯೂ ಬೇಕು. ಏನು ಮಾಡುವುದೆಂದು ತಿಳಿಯದೆ ಕುಳಿತಿದ್ದಾಗ ಎದುರು ಮನೆಯಲ್ಲಿ ಬಾಡಿಗೆಗಿದ್ದ ನರ್ಸು ಬಂದಳು. ಹತ್ತಿಮತ್ತೂರಿನ ಒಕ್ಕಲುತನದ ಮನೆಯವಳು.

“ಅಕ್ಕೋರ, ಮೂಲಿಮನ್ಯಾಗ ಬಾಣಂತಿ ಅದಾಳ. ಸಹಿ ಯಾವಾಗರ ಆಗಲಿ, ಮೊದಲ ನೀರು ಬರ್ಲಿ,” ಎಂದಳು.

ಅವಳೇ ಮೆಕ್ಯಾನಿಕ್‌ನನ್ನು ಕರೆತಂದಳು. ಹೆಂಗಸರೆಲ್ಲ ಸೇರಿ ಅವನ ಹಿಂದೆ ನಿಂತು ಕೆಲಸ ಮಾಡಿಸಿದರು. ಸಂಜೆಗೆ ನಲ್ಲಿಯಲ್ಲಿ ನೀರು ಬಂತು.

ಮುಂದಿನ ಸಭೆಯಲ್ಲಿ ಅಧ್ಯಕ್ಷರು, “ನೀರು ಬಂತು, ಚಲೋ ಆತು. ಆದ್ರ ಸದಸ್ಯರಲ್ಲದವರು ಸಂಘದ ಮೋಟಾರಕ್ಕ ಕೈ ಹಚ್ಚಿದ್ದು ತಪ್ಪು,” ಎಂದರು. ಬಾಗಿಲಾಚೆ ನಿಂತು ಕೇಳುತ್ತಿದ್ದ ನರ್ಸು ಮನೆಗೆ ಹೊರಟಳು. ನನಗೆ ತಡೆಯಲಾಗಲಿಲ್ಲ.

“ಹಂಗಾದ್ರ ನಿಯಮಾನ ಬದಲಿ ಮಾಡೂಣ್ರಿ,” ಎಂದೆ.

“ಮಾಡ್ರಿ. ಮೊದಲ ಕೋರಂ ಕೂಡಿಸಿ ತೋರಸ್ರಿ.”

ಬೈಲಾ ತಿದ್ದಬೇಕಾದರೆ ಮೂರರಲ್ಲಿ ಎರಡು ಪಾಲು ಸದಸ್ಯರು ಹಾಜರಿರಬೇಕು. ಸಭೆ ಕರೆದೆ, ಜನ ಬರಲಿಲ್ಲ. ಮತ್ತೆ ಕರೆದೆ, ಆಗಲೂ ಬರಲಿಲ್ಲ. ದಿನವಿಡೀ ಬಡಾವಣೆಯಲ್ಲಿ ಇರುವವರಿಗೆ ಮತವಿಲ್ಲ, ಮತವಿದ್ದವರಿಗೆ ಪುರುಸೊತ್ತಿಲ್ಲ. ನಾನು ಸೋತು ಕುಳಿತಾಗ ಪಕ್ಕದ ಮನೆಯಾಕೆ ನಕ್ಕಳು.

“ಗಂಡಸರಿಗೆ ನೋಟಿಸ್ ಯಾಕ ಕಳಸ್ತೀರಿ? ನಮಗ ಹೇಳ್ರಿ. ನಮ್ಮ ನಮ್ಮ ಮನಿಯವರನ್ನ ನಾವ ಕರ್ಕೊಂಡ ಬರ್ತೇವಿ.”

ಆ ಭಾನುವಾರ ಬೆಳಿಗ್ಗೆ ಯಾರ ಮನೆಯಲ್ಲೂ ನಾಷ್ಟಾ ಆಗಲಿಲ್ಲ. ಉಪ್ಪಿಟ್ಟು, ಮಿರ್ಚಿ, ಚಹಾ ಎಲ್ಲವನ್ನೂ ಉದ್ಯಾನದ ಬೇವಿನ ಮರದ ಕೆಳಗೆ ಇಟ್ಟಿದ್ದರು. ಹಸಿದ ಗಂಡಸರು ಗೊಣಗುತ್ತ ಒಬ್ಬೊಬ್ಬರಾಗಿ ಬಂದರು. ಹಾಜರಿ ಕರೆದೆ. ಕೋರಂ ಕೂಡಿತ್ತು!

ಅಧ್ಯಕ್ಷರು ಎದ್ದು ನಿಂತರು. ಸಿಟ್ಟಾಗುತ್ತಾರೆ ಅಂದುಕೊಂಡಿದ್ದೆ. ಅವರು ಬೇವಿನ ಮರದ ಬೊಡ್ಡೆಯ ಮೇಲೆ ಕೈಯಿಟ್ಟರು.

“ಈ ನಿಯಮ ನಾನ ಬರದೇನಿ. ಯಾಕ ಬರದೇನಿ ಅಂತ ಒಬ್ಬರರ ಕೇಳೀರೇನು? ಇಲ್ಲಿ ನಾಕ ಮನಿ ಇದ್ದಾಗ, ಪ್ಲಾಟ್ ಮಾಡಿದಾವ ಈ ಉದ್ಯಾನದ ಜಾಗಾನೂ ಮಾರಾಕ ನಿಂತಿದ್ದ. ಗುರ್ತಿಲ್ಲದ ಮಂದೀನ ಗಾಡ್ಯಾಗ ತುಂಬಕೊಂಡ ಬಂದು ಸಭಾದಾಗ ಕೈ ಎತ್ತಿಸಿದಾ. ಅದಕ್ಕ ಮಾಲೀಕರು ಮಾತ್ರ ಅಂತ ಬರದೆ. ನೀವೀಗ ಕುಂತೀರಲ್ಲ, ಈ ಗಿಡದ ನೆರಳು ಅದರಿಂದನ ಉಳದೈತಿ.”

ಇಷ್ಟು ವರ್ಷ ಜೊತೆಗಿದ್ದೂ ನನಗಿದು ಗೊತ್ತಿರಲಿಲ್ಲ. ಅವರದು ಬರೀ ಹಟ ಎಂದುಕೊಂಡಿದ್ದೆ. ಆಗ ಹೆಂಗಸರ ನಡುವಿನಿಂದ ನರ್ಸು ಎದ್ದಳು. ಅವಳಿಗೆ ಮಾತಾಡುವ ಹಕ್ಕಿರಲಿಲ್ಲ, ಆದರೆ ಯಾರೂ ತಡೆಯಲಿಲ್ಲ.

“ಕಾಕಾರ, ನಾನೇನ ಗಾಡ್ಯಾಗ ತುಂಬಿಸಿಕೊಂಡ ಬಂದೇನೇನ್ರಿ? ನಿಮ್ಮ ಓಣ್ಯಾಗನ ಇದ್ದೇನಿ. ನಿಮಗ ಸಕ್ರಿ ಕಾಯಿಲೆದ ಇಂಜೆಕ್ಷನ್ ಯಾರು ಮಾಡ್ತಾರ?”

ಎಲ್ಲರೂ ನಕ್ಕರು. ಕೊನೆಗೆ ಅಧ್ಯಕ್ಷರೂ ನಕ್ಕರು. “ಅದೂ ಖರೇನ ಬಿಡವಾ,” ಎಂದು ಕುಳಿತು, ನನ್ನ ಕಡೆ ತಿರುಗಿದರು. “ಬರೀರಿ ಅಕ್ಕೋರ, ನಾ ಹೇಳ್ತೇನಿ.”

ಹೊಸ ನಿಯಮವನ್ನು ಹೇಳಿ ಬರೆಸಿದವರು ಅವರೇ. ಮನೆಗೊಂದೇ ಮತ, ಅದನ್ನು ಮಾಲೀಕರೇ ಹಾಕಬಹುದು, ಇಲ್ಲವೇ ಅವರ ಮನೆಯ ದೊಡ್ಡವರು ಯಾರಾದರೂ ಹಾಕಬಹುದು. ಮನೆ ಬಾಡಿಗೆಗೆ ಕೊಟ್ಟಿದ್ದರೆ, ಬಂದು ವರ್ಷ ತುಂಬಿದ ಬಾಡಿಗೆದಾರರು ಹಾಕಬಹುದು. ಮತ ಇರಲಿ ಇಲ್ಲದಿರಲಿ, ಸಭೆಯಲ್ಲಿ ಮಾತಾಡಲು ಎಲ್ಲರಿಗೂ ಹಕ್ಕು. ಉದ್ಯಾನದ ಜಾಗವನ್ನು ಮಾತ್ರ ಎಲ್ಲರೂ ಸೇರಿ ಕೈ ಎತ್ತಿದರೂ ಮಾರುವಂತಿಲ್ಲ. ಈ ಕೊನೆಯ ಸಾಲನ್ನು ನನ್ನಿಂದ ಮತ್ತೆ ಮತ್ತೆ ಓದಿಸಿದರು.

ಕೈಗಳು ಎದ್ದವು. ಕಾಳುಕಡಿ ವ್ಯಾಪಾರಿಯೊಬ್ಬರು ಮಾತ್ರ ಎತ್ತಲಿಲ್ಲ. “ಬಾಡಿಗಿಯವರು ಇವತ್ತ ಇದ್ದು ನಾಳೆ ಹೋಗೋರು,” ಎಂದರು. ಅವರ ವಿರೋಧವನ್ನೂ ನಡಾವಳಿಯಲ್ಲಿ ಬರೆದೆ.

ನೋಂದಣಿ ಕಚೇರಿಯವರು ಒಂದೆರಡು ಮಾತು ತಿದ್ದಿ ತರಲು ಹೇಳಿ ವಾಪಸು ಕಳಿಸಿದರು. ತಿದ್ದಿ ಒಯ್ದಾಗ ಒಪ್ಪಿಗೆ ಸಿಕ್ಕಿತು. ಈಗ ನಮ್ಮ ಸಭೆಗಳು ಬೇಗ ಮುಗಿಯುವುದಿಲ್ಲ. ಮಾತು ಜಾಸ್ತಿ, ಒಮ್ಮೊಮ್ಮೆ ಜಗಳವೂ ಉಂಟು. ನರ್ಸು ಸಮಿತಿಯಲ್ಲಿದ್ದಾಳೆ, ತಿರುವಿನಲ್ಲಿ ಬೀದಿದೀಪ ಬಂದದ್ದು ಅವಳ ಬೆನ್ನುಬಿಡದ ಓಡಾಟದಿಂದ.

ಮೊನ್ನೆ ಆ ವ್ಯಾಪಾರಿ ನನ್ನನ್ನು ದಾರಿಯಲ್ಲಿ ತಡೆದು, “ಇನ್ನ ಮ್ಯಾಲೆ ನಮ್ಮ ಸೊಸಿ ಬರ್ತಾಳ್ರಿ ಸಭಾಕ್ಕ. ನನಗ ಅಂಗಡಿ ಬಿಟ್ಟ ಬರಾಕ ಆಗೂದಿಲ್ಲ,” ಎಂದರು. ಸೊಸೆ ಬಂದಳು, ಮುಂದಿನ ಸಾಲಿನಲ್ಲೇ ಕುಳಿತಳು. ಅಧ್ಯಕ್ಷರು ಮಾತು ಮುಗಿಸುವುದನ್ನೂ ಕಾಯದೆ ಕೈ ಎತ್ತಿ, ನಮ್ಮ ಓಣಿಯ ಗಟಾರು ಯಾವಾಗ ಸ್ವಚ್ಛವಾಗುತ್ತದೆ ಎಂದು ಕೇಳಿದಳು.