ಐದು ಕಾಳು ವಾಪಸ್

ಪರದೇಶದ ಅತಿಥಿಯ ಎದುರಿಗೆ ನೀವು ಎಂದಾದರೂ ಹೆಂಡತಿಯಿಂದ ಬೈಸಿಕೊಂಡಿದ್ದೀರಾ? ನಾನು ಬೈಸಿಕೊಂಡೆ. ಅದೂ ನಾನು ವರ್ಷಗಟ್ಟಲೆ ಪಾಠ ಹೇಳಿದ ವಿಷಯದ ಮೇಲೆ!

ಹೈದರಾಬಾದಿನ ಒಂದು ತರಬೇತಿ ಸಂಸ್ಥೆಯಲ್ಲಿ ನನ್ನದು ಎಕನಾಮಿಕ್ಸ್ ಹೇಳಿಕೊಡುವ ಕೆಲಸ. ಆಫ್ರಿಕಾ, ಏಷ್ಯಾದ ಬಡ ದೇಶಗಳ ಸರ್ಕಾರಿ ಅಧಿಕಾರಿಗಳು ಬರುತ್ತಾರೆ. ಕೆಲವು ವಾರ ಇದ್ದು, ಕಲಿತು, ಚಾರ್‌ಮಿನಾರ್ ಹತ್ತಿರ ಬಳೆ ಕೊಂಡು ಹೋಗುತ್ತಾರೆ. ಈ ಸಲದ ಬ್ಯಾಚಿನಲ್ಲಿ ಗ್ರೇಸ್ ಎಂಬವರಿದ್ದರು. ಆಫ್ರಿಕಾದ ಒಂದು ಸಣ್ಣ ದೇಶದ ಆಹಾರ ಇಲಾಖೆಯವರು. (ದೇಶದ ಹೆಸರು ಬರೆಯುವುದಿಲ್ಲ. ಯಾಕೆಂದು ಮುಂದೆ ನಿಮಗೇ ತಿಳಿಯುತ್ತದೆ.)

ಕೋರ್ಸ್ ಮುಗಿಯುವುದು ಸೋಮವಾರ. ಹಿಂದಿನ ದಿನ ಅವರನ್ನು ಮೆಹದಿಪಟ್ಟಣಂನ ನಮ್ಮ ಮನೆಗೆ ಊಟಕ್ಕೆ ಕರೆದಿದ್ದೆ. ಜೋಳದ ರೊಟ್ಟಿ, ಎಣಗಾಯಿ, ಶೇಂಗಾ ಚಟ್ನಿ. ರೊಟ್ಟಿ ಮುರಿದು ಬಾಯಿಗಿಟ್ಟವರೇ "ಅರೆ, ಇದು ನಮ್ಮ ಕಾಳು!" ಎಂದರು. ಅವರ ಊರಿನಲ್ಲಿ ಇದೇ ಜೋಳದ ಗಂಜಿಯಂತೆ. ಆಮೇಲೆ ರೊಟ್ಟಿ ಕೈಯಲ್ಲೇ ಉಳಿಯಿತು, ಮಾತು ಶುರುವಾಯಿತು.

ಸಂಗತಿ ಇಷ್ಟು. ಅವರ ದೇಶಕ್ಕೆ ಸಾಲ ಬೇಕು. ಸಾಲ ಕೊಡುವವರದು ಒಂದು ಷರತ್ತು: ಸರ್ಕಾರಿ ಗೋಡೌನುಗಳನ್ನು ಮುಚ್ಚಿ, ಕೂಡಿಟ್ಟ ಕಾಳನ್ನೆಲ್ಲ ಮಾರಿಬಿಡಿ. ಬರ ಬಂದರೆ? ನಾವು ಹಡಗಿನಲ್ಲಿ ಕಳಿಸುತ್ತೇವಲ್ಲ, ಅನ್ನುತ್ತಾರೆ ಅವರು! ಸೋಮವಾರದ ಸಮಾರೋಪ ಸಭೆಗೆ ಸಾಲ ಕೊಡುವವರ ಕಡೆಯ ತಜ್ಞರೊಬ್ಬರು ಬರುವವರಿದ್ದರು. ಅವರ ಎದುರು ಎದ್ದು ನಿಂತು "ನಮಗೆ ಒಪ್ಪಿಗೆ" ಎನ್ನಬೇಕೆಂದು ಗ್ರೇಸ್‌ಗೆ ಮೇಲಿನವರ ಅಪ್ಪಣೆ.

"ಒಪ್ಪುವುದಿಲ್ಲ ಅಂದರೆ ನೌಕರಿ ಹೋಗುತ್ತದೆ. ಒಪ್ಪಿದೆ ಅಂದರೆ, ಮುಂದಿನ ಬರಗಾಲದಲ್ಲಿ ನಮ್ಮ ಊರಿನವರಿಗೆ ಹೇಗೆ ಮುಖ ತೋರಿಸಲಿ?" ಎಂದರು.

ನನಗೆ ನಮ್ಮ ಕಾಲ ನೆನಪಾಯಿತು. ನಾನು ಹುಡುಗನಾಗಿದ್ದಾಗ ರೇಷನ್ ಅಂಗಡಿಗೆ ಅಮೆರಿಕದ ಕೆಂಪು ಜೋಳ ಬರುತ್ತಿತ್ತು. ಅವ್ವ ಎಷ್ಟು ನಾದಿದರೂ ರೊಟ್ಟಿ ಹಂಚಿಗೆ ಹೋಗುವ ಮುಂಚೆಯೇ ಹರಿಯುತ್ತಿತ್ತು. "ಇದನ್ನ ಅವರರೆ ತಿಂತಾರೋ ಇಲ್ಲೋ" ಅಂತ ಗೊಣಗುತ್ತಲೇ ಬಡಿಯುತ್ತಿದ್ದಳು. ಹಡಗು ಬಂತೇ, ಇಲ್ಲವೇ ಅಂತ ಕಾದು ಕೂತ ದೇಶ ನಮ್ಮದು. ಅದೇ ದೇಶದಲ್ಲಿ ಈಗ ಚೀಲ ಇಡಲು ಗೋಡೌನು ಸಾಲುತ್ತಿಲ್ಲ ಅಂತ ತಕರಾರು! ಹೆಮ್ಮೆ ಪಡಬಾರದೇ? ನಾನಂತೂ ಪಡುತ್ತೇನೆ, ಯಾರೇನೇ ಅನ್ನಲಿ.

ಇದನ್ನೆಲ್ಲ ಗ್ರೇಸ್‌ಗೆ ಭರ್ಜರಿಯಾಗಿ ಹೇಳಿದೆ. ಕೇಳಿದರು, ಮುಖ ಅರಳಲಿಲ್ಲ. ನಮ್ಮ ಗೋಡೌನು ತುಂಬಿದ್ದರೆ ಅವರ ಊರಿನವರಿಗೇನು ಬಂತು?

ಹೊರಡುವ ಹೊತ್ತಾಯಿತು. ನನ್ನ ಹೆಂಡತಿ ಸುಶೀಲಾ (ಆಫೀಸಿನಲ್ಲಿ ಸೆಕ್ಷನ್ ಆಫೀಸರ್, ಮನೆಯಲ್ಲಿ ಚೀಫ್ ಸೆಕ್ರೆಟರಿ) ಮೊರದಲ್ಲಿ ಜೋಳ, ತೆಂಗಿನಕಾಯಿ, ಅರಿಶಿನದ ಬೇರು, ಗುಳೇದಗುಡ್ಡದ ಖಣ ಇಟ್ಟುಕೊಂಡು ಬಂದಳು. ಉಡಿ ತುಂಬಲು!

"ಅವರ ಯಜಮಾನರು ಇದ್ದಾರೋ ಇಲ್ಲವೋ, ಕೇಳಬೇಡವೇ?" ಅಂದೆ, ಮೆಲ್ಲಗೆ.

"ಮನಿಗೆ ಬಂದ ಹೆಣ್ಣುಮಗಳ್ರೀ ಆಕಿ. ಬರೀ ಉಡೀಲೆ ಕಳಸಾಕ ಬರತೈತೇನು? ಸುಮ್ನ ಕೂಡ್ರಿ ನೀವು!"

ಕೂತೆ. ಆದರೆ ಗ್ರೇಸ್ ಉಟ್ಟಿದ್ದು ಗೌನು, ಸೆರಗು ಎಲ್ಲಿಂದ ಬರಬೇಕು? ಅವರು ತಮ್ಮ ಚೀಲದಿಂದ ಹೂವಿನ ಚಿತ್ರದ ಒಂದು ಉದ್ದ ಬಟ್ಟೆ ತೆಗೆದು ಸೊಂಟಕ್ಕೆ ಸುತ್ತಿಕೊಂಡು, ಚುಂಗು ಹಿಡಿದು ನಿಂತರು. ಅವರ ಕಡೆ ಹೆಂಗಸರು ಹೊಲದಿಂದ ಕಾಳು ತರುವುದೂ ಹಾಗೆಯೇ ಅಂತೆ. "ಆದರೆ ಇದು ಏನು?" ಎನ್ನುವಂತೆ ನನ್ನ ಕಡೆ ನೋಡಿದರು.

ಮೇಷ್ಟ್ರು ಸುಮ್ಮನಿರುತ್ತಾನೆಯೇ? "ಫುಡ್ ಎಯ್ಡ್ ಅಂದುಕೊಳ್ಳಿ, ಷರತ್ತು ಇಲ್ಲದ್ದು" ಅಂದೆ. ಭಾರೀ ಜೋಕು ಹೊಡೆದೆ ಅಂದುಕೊಂಡು ನಕ್ಕೆ ಕೂಡ.

ಗ್ರೇಸ್ ಅವರ ಮುಖ ಸಣ್ಣದಾಯಿತು. ಬಟ್ಟೆ ಹಿಡಿದ ಕೈ ಕೆಳಗೆ ಬಂತು.

"ಎಯ್ಡ್ ಅಂತ, ಎಯ್ಡ್! ತಲಿ ನೆಟ್ಟಗೈತೇನ್ರಿ ನಿಮಗ? ಎಯ್ಡ್ ಕೊಟ್ಟಾವ್ರು ತಗೊಂಡಾವ್ರ ಕಾಲಿಗೆ ಬೀಳ್ತಾರೇನು?" ಸುಶೀಲಾ ನನ್ನನ್ನು ಝಾಡಿಸಿದಳು. ಗ್ರೇಸ್ ಅವರ ಕೈ ಹಿಡಿದೆತ್ತಿ, ಬೊಗಸೆ ಬೊಗಸೆ ಜೋಳ ಸುರಿದು, ಕಾಯಿ, ಅರಿಶಿನ, ಖಣ ಇಟ್ಟು, ಬಗ್ಗಿ ಕಾಲು ಮುಟ್ಟಿ ನಮಸ್ಕಾರ ಮಾಡಿದಳು. ಆಮೇಲೆ ಖಾಲಿ ಮೊರ ಮುಂದೆ ಹಿಡಿದು, "ಗ್ರೇಸಕ್ಕಾ, ಐದು ಕಾಳು ವಾಪಸ್ ಹಾಕ್ರಿ. ನಿಮ್ಮ ಮನೀನೂ ತುಂಬಿರಲಿ, ನಮ್ಮ ಮನೀನೂ ತುಂಬಿರಲಿ" ಅಂದಳು. ಅನುವಾದ ಮಾಡಿದೆ. (ಈ ಸಲ ಸ್ವಂತದ್ದೇನೂ ಸೇರಿಸಲಿಲ್ಲ.)

ಗ್ರೇಸ್ ಒಂದೊಂದಾಗಿ ಐದು ಕಾಳು ಆರಿಸಿ ಹಾಕಿದರು. ಕಣ್ಣು ತುಂಬಿದ್ದವು. ನನ್ನವೂ, ಯಾಕೆ ಮುಚ್ಚಿಡಲಿ?

ಸೋಮವಾರ ಸಭೆ. ತಜ್ಞರು ಸಭ್ಯ ಮನುಷ್ಯ. ಮೆತ್ತಗೆ, ನಗುನಗುತ್ತಾ ಷರತ್ತುಗಳನ್ನು ವಿವರಿಸಿದರು. ಗ್ರೇಸ್ ಎದ್ದರು.

"ನಮಗೆ ಒಪ್ಪಿಗೆ ಇಲ್ಲ" ಎಂದರು.

"ಕೊಡುವವರು ಒಂದೆರಡು ಮಾತು ಕೇಳುವುದು ಸಹಜವಲ್ಲವೇ, ಮೇಡಂ?" ಎಂದರು ತಜ್ಞರು.

"ಖಂಡಿತ. ನಿನ್ನೆ ಈ ಊರಿನಲ್ಲಿ ಒಬ್ಬ ತಂಗಿ ನನಗೆ ಕಾಳು ಕೊಟ್ಟಳು. ಕೊಟ್ಟು, ನನಗೇ ನಮಸ್ಕಾರ ಮಾಡಿದಳು. ಅವಳೂ ಒಂದು ಮಾತು ಕೇಳಿದಳು: ಐದು ಕಾಳು ವಾಪಸ್. ನೀವು ಕೇಳುತ್ತಿರುವುದು ನಮ್ಮ ಗೋಡೌನಿನ ಬೀಗದ ಕೈ."

ಹಿಂದಿನ ಸಾಲಿನಲ್ಲಿ ನೇಪಾಳದ ಅಧಿಕಾರಿಯೊಬ್ಬರು ಮೇಜು ಕುಟ್ಟಿದರು. ಆಮೇಲೆ ಎಲ್ಲರೂ. ನಾನು ಸಂಸ್ಥೆಯ ನೌಕರ, ಚಪ್ಪಾಳೆ ತಟ್ಟುವಂತಿಲ್ಲ. ತಟ್ಟಿದೆ. ಇಷ್ಟು ವರ್ಷ ಬೋರ್ಡಿನ ಮೇಲೆ ಬರೆದು ಬರೆದು ನನಗೆ ಹೇಳಲಾಗದ್ದನ್ನು ನಮ್ಮ ಮನೆಯ ಮೊರ ಹೇಳಿತ್ತು. ಅಂಥ ಪದ್ಧತಿಯ ಜನ ನಾವು ಎಂದು ಆ ದಿನ ತಲೆಯೆತ್ತಿ ಓಡಾಡಿದೆ.

ಗ್ರೇಸ್ ಊರಿಗೆ ಹೋದರು. ಸುದ್ದಿಯೇ ಇಲ್ಲ. ನೌಕರಿ ಹೋಯಿತೋ ಏನೋ ಎಂದು ಸುಶೀಲಾ ದಿನಾ ಕೊರಗುತ್ತಿದ್ದಳು. "ನಾ ತುಂಬಿದ ಉಡಿ ಆಕಿ ಅನ್ನ ತಿಂತೇನ್ರಿ?"

ಮೊನ್ನೆ ಫೋನ್ ಬಂತು. ನೌಕರಿ ಹೋಗಿಲ್ಲ! ರಾಜಧಾನಿಯಿಂದ ಎತ್ತಿ, ರಸ್ತೆಯೂ ಸರಿಯಿಲ್ಲದ ಯಾವುದೋ ಮೂಲೆಗೆ ಎಸೆದಿದ್ದಾರೆ. ಅಲ್ಲಿ ಅವರ ಪಾಲಿಗೆ ಬಂದದ್ದು ಒಂದು ಹಳೆಯ ಗೋಡೌನು. ಮುಚ್ಚುವ ಮಾತು ಸದ್ಯಕ್ಕೆ ನಿಂತಿದೆಯಂತೆ. "ಬೀಗದ ಕೈ ನನ್ನ ಸೊಂಟದಲ್ಲೇ ಇದೆ ಅಂತ ತಂಗಿಗೆ ಹೇಳಿ" ಎಂದು ಜೋರಾಗಿ ನಕ್ಕರು.

ಓಡಿ ಹೋಗಿ ಅಡುಗೆಮನೆಯಲ್ಲಿ ಸುದ್ದಿ ಹೇಳಿದೆ. ಸುಶೀಲಾ ಸೆರಗಿನಿಂದ ಕಣ್ಣೊರೆಸಿಕೊಂಡಳು. ಆಮೇಲೆ ಟೇಬಲ್ ಮೇಲಿದ್ದ ಪೇಪರ್ ನನ್ನ ಕೈಗಿಟ್ಟಳು. ನಮ್ಮ ದೇಶವೂ ಇನ್ನೊಂದು ಹೊಸ ಸಾಲದ ಮಾತುಕತೆಗೆ ಕೂತಿದೆ ಎಂಬ ಸುದ್ದಿ ಅದರ ಮೊದಲ ಪುಟದಲ್ಲೇ ಇತ್ತು.

"ಆಕಿ ಬೀಗದ ಕೈ ಆಕಿ ಸೊಂಟದಾಗ ಐತಿ, ಭಾಳ ಚಲೋ ಆತು. ನಮ್ಮದು ಎಲ್ಲೈತಿ, ಒಮ್ಮೆ ನೋಡ್ಕೊಂಡೀರೇನ್ರಿ?"