ದಿಡ್ಡಿ ಬಾಗಿಲು ತೆಗೆದವರು

ಕೆಳದಿ ಅರಸರ ಕೋಟೆ ಕವಲೇದುರ್ಗ ಬೀಳದೇ ಇದ್ದಿದ್ದರೆ ಏನಾಗುತ್ತಿತ್ತು ಎಂದು ಹದಿನೆಂಟು ವರ್ಷದ ಹಿಂದೆ ಒಂದು ಕಾದಂಬರಿ ಬರೆದೆ. ಆಗ ತೀರ್ಥಹಳ್ಳಿಯಲ್ಲಿ ಮೇಷ್ಟ್ರಾಗಿದ್ದೆ. ಬೇಸಿಗೆ ರಜೆಯಲ್ಲಿ ಕೂತು ರಾಜ್ಯ ಕಟ್ಟುವುದಕ್ಕೆ ಯಾರ ಅಪ್ಪಣೆಯೂ ಬೇಕಿರಲಿಲ್ಲ. ನನ್ನ ಪುಸ್ತಕದಲ್ಲಿ ಕೋಟೆಯೊಳಗೆ ನುಗ್ಗಿದ ಶತ್ರುಗಳು ಸೋತು ಓಡಿದರು, ಕೆಳದಿಯವರ ಆಳ್ವಿಕೆ ಇವತ್ತಿನವರೆಗೂ ನಡೆಯಿತು. ಇದನ್ನು ಒಬ್ಬನೂ ನಂಬಲಿಲ್ಲ. ಓದಿದವರೆಲ್ಲ ನಂಬಿದ್ದು ಒಂದನ್ನೇ, ದ್ರೋಹಿಯನ್ನು.

ಕಥೆಗೆ ಒಬ್ಬ ದ್ರೋಹಿ ಬೇಕಿತ್ತು. ಹೊಸನಗರದ ಕಡೆಯ ಒಂದು ಹಳ್ಳಿಯ ಗುಡ್ಡದ ಮೇಲೆ ಗುಡಿಯೊಂದಿದೆ. ವರ್ಷಕ್ಕೊಮ್ಮೆ, ಶಿವರಾತ್ರಿಗೆ ಮಾತ್ರ ಬಾಗಿಲು ತೆಗೆಯುತ್ತಾರೆ. ಅದರ ಬೀಗದ ಕೈ ತಲೆತಲಾಂತರದಿಂದ ಒಂದು ರೈತರ ಮನೆಯಲ್ಲಿತ್ತು. ಆ ಮನೆಯ ಹಿರಿಯ ಮಿಂದು ಬಂದು ಬಾಗಿಲು ತೆಗೆಯದೆ ಪೂಜೆಯ ಭಟ್ಟರೂ ಒಳಗೆ ಕಾಲಿಡುವಂತಿರಲಿಲ್ಲ. ಈ ಮರ್ಯಾದೆ ಅವರಿಗೆ ಹೇಗೆ ಬಂತೆಂದು ಯಾರಿಗೂ ಗೊತ್ತಿರಲಿಲ್ಲ. ನಾನು ಗೊತ್ತುಮಾಡಿಬಿಟ್ಟೆ. ಕೋಟೆಯ ದಿಡ್ಡಿ ಬಾಗಿಲು ಕಾಯುತ್ತಿದ್ದವರು ಅವರ ಹಿರಿಯರು, ಶತ್ರುಗಳಿಗೆ ಅದನ್ನು ತೆಗೆದುಕೊಟ್ಟರು, ಆ ಪಾಪ ತೊಳೆಯಲು ಗುಡಿಯ ಚಾಕರಿ ಬಂತು! ಊರಿನ ಹೆಸರು ಹಾಕಲಿಲ್ಲ. ಆದರೆ ಗುಡಿ, ಶಿವರಾತ್ರಿ, ಮನೆ ಮುಂದಿನ ಎರಡು ಕಲ್ಲುಕಂಬ ಎಲ್ಲ ಹಾಕಿದೆ. ಮತ್ತೆ ಹೆಸರು ಯಾಕೆ ಬೇಕು?

ಮೊದಮೊದಲು ತಮಾಷೆಯಾಗಿತ್ತು. ಆಮೇಲೆ ಗುಡ್ಡ ಹತ್ತಲು ಬಂದವರಿಗೆ ಊರಿನವರೇ ಆ ಮನೆ ತೋರಿಸತೊಡಗಿದರು. ಮೊಬೈಲಿನಲ್ಲಿ ವಿಡಿಯೋ ಓಡಾಡಿತು. ಕೊನೆಗೆ ಗುಡಿಯ ಕಮಿಟಿ ಸಭೆ ಸೇರಿ, ನನ್ನ ಪುಸ್ತಕದ ಎರಡು ಪುಟ ಗಟ್ಟಿಯಾಗಿ ಓದಿ, ಬೀಗದ ಕೈ ಕಸಿದುಕೊಂಡಿತಂತೆ. ಸುದ್ದಿ ಕೇಳಿದ ದಿನವೇ ಬಸ್ಸು ಹತ್ತಿದೆ.

ಸಾಗರದ ಪ್ರಕಾಶಕರ ಹತ್ತಿರ ಹೋಗಿ, ತಿದ್ದಿ ಮತ್ತೆ ಅಚ್ಚು ಹಾಕಿಸೋಣ ಅಂದೆ.

"ದ್ರೋಹಿನ ತೆಗೆದ್ರೆ ಪುಸ್ತಕದಲ್ಲಿ ಎಂತ ಉಳೀತದೆ ಮಾರಾಯ್ರೆ?" ಅಂದರು ಅವರು.

ದ್ರೋಹಿಯ ಕೆಲಸವನ್ನು ಮಳೆಗೆ ವಹಿಸಿದೆ. ಹೊಸ ಆವೃತ್ತಿಯಲ್ಲಿ ಆಷಾಢದ ಮಳೆಗೆ ಗೋಡೆ ಜರಿದು ಶತ್ರುಗಳು ಒಳಗೆ ಬರುತ್ತಾರೆ. ಮಳೆಯ ಕಡೆಯವರು ಯಾರೂ ನೊಂದುಕೊಳ್ಳುವುದಿಲ್ಲ. ಹಿಂದಿನ ದ್ರೋಹಿಯ ಕಥೆ ಬರೀ ನನ್ನ ಕಲ್ಪನೆ ಎಂದು ಮುನ್ನುಡಿಯಲ್ಲಿ ಸ್ಪಷ್ಟವಾಗಿ ಬರೆದೆ. ದೊಡ್ಡ ಮನುಷ್ಯನಾದೆ ಅನ್ನಿಸಿತು.

ಆದರೂ ಆ ಮನೆಯ ಮೆಟ್ಟಿಲು ಹತ್ತಲು ಒಂದು ತಿಂಗಳು ಹಿಡಿಯಿತು. ಮನೆಯ ಹಿರಿಯರಾದ ಗೌಡರಿಗೆ ಎಪ್ಪತ್ತು ದಾಟಿದೆ. ಜಗಲಿಯಲ್ಲಿ ಕೂರಿಸಿ, ನೀರು ಬೆಲ್ಲ ಕೊಟ್ಟರು. ಹೊಸ ಪುಸ್ತಕ ಕೊಟ್ಟರೆ ಬಿಡಿಸಲೇ ಇಲ್ಲ.

"ಓದಿದೀನಿ ಮೇಷ್ಟ್ರೇ. ಕಮಿಟಿಯವ್ರೂ ಓದಿದಾರೆ. ನಾವು ನಿಮ್ಮನ್ನ ಹೆದರ್ಸಿ ತೆಗೆಸಿದ್ವಿ ಅಂತ ಊರೆಲ್ಲ ಹೇಳ್ತಿದಾರೆ. ಮುಂಚೆ, ಅದು ಕಥೆ ಅಂತಾದ್ರೂ ನಾವು ಹೇಳ್ಬೋದಿತ್ತು. ಈಗ ಅಳಿಸಿದ್ರಲ್ಲ, ನಿಜಾನೇ ಇರ್ಬೇಕು ಅಂತಾರೆ."

ಕಮಿಟಿಯ ಮುಂದೆ ನಾನೇ ಬಂದು ಹೇಳುತ್ತೇನೆ ಅಂದೆ.

"ಎಂತ ಹೇಳ್ತೀರಿ? ಕಲ್ಪನೆ ಅಂತನಾ? ಊರಲ್ಲಿ ಅಷ್ಟು ಮನೆ ಇತ್ತು. ನಿಮ್ಮ ಕಲ್ಪನೆಗೆ ನಮ್ಮನೇನೇ ಯಾಕೆ ಬಂತು?"

"ಬೀಗದ ಕೈ ಇತ್ತಲ್ಲ ಗೌಡ್ರೇ, ಕಥೆಗೆ ಹೊಂದ್ತಿತ್ತು" ಅಂದೆ.

ಸುಳ್ಳು. ಅವರ ಮನೆ ಎದುರಿನ ಗದ್ದೆ ಒಂದು ಕಾಲಕ್ಕೆ ನನ್ನ ಅಜ್ಜನದು. ಅವರ ತಂದೆ ಗೇಣಿಗೆ ಮಾಡುತ್ತಿದ್ದರು. ಉಳುವವನೇ ಹೊಲದೊಡೆಯ ಅನ್ನುವ ಕಾನೂನಿನ ಡಿಕ್ಲರೇಷನ್ ಬಂದಾಗ ಗದ್ದೆ ಉತ್ತವರಿಗೇ ಹೋಯಿತು, ನ್ಯಾಯವಾಗಿಯೇ ಹೋಯಿತು. ನಮ್ಮ ಮನೆಯಲ್ಲಿ ಮಾತ್ರ ಅಜ್ಜ ಊಟದೆಲೆಯ ಮುಂದೆ ಕೂತಾಗಲೆಲ್ಲ "ಉಂಡ ಮನೆಗೆ ಎರಡು ಬಗೆದವರು" ಎನ್ನುತ್ತಿದ್ದರು. ಅದನ್ನೇ ಕೇಳಿ ಬೆಳೆದವನು ನಾನು. ದ್ರೋಹಿ ಬೇಕಾದಾಗ ಹುಡುಕಲೇ ಇಲ್ಲ, ನೆಟ್ಟಗೆ ಆ ಅಂಗಳಕ್ಕೇ ಹೋದೆ. ಬರೆಯುವಾಗ ಹೊಟ್ಟೆ ತಣ್ಣಗಾಗಿದ್ದೂ ನೆನಪಿದೆ.

ಜಗಲಿಯಲ್ಲಿ ನಾವಿಬ್ಬರೇ ಇದ್ದೆವು. ಹೇಳಬಹುದಿತ್ತು. ಗೌಡರು ಪುಸ್ತಕವನ್ನು ನನ್ನ ಕೈಗೇ ವಾಪಸ್ಸು ಕೊಟ್ಟರು.

"ನಿಮ್ಮಜ್ಜ ನಮ್ಮಪ್ಪಂಗೆ ಎಂತ ಅಂತಿದ್ರು ಅಂತ ನಂಗೂ ಗೊತ್ತು ಮೇಷ್ಟ್ರೇ. ಅದನ್ನ ಬರೀರಿ. ಆಗ ಊರು ನಂಬ್ತದೆ."

ಇಲ್ಲಿ ಬರೆದಿದ್ದೇನೆ, ಇಲ್ಲಿ ಯಾರ ಹೆಸರೂ ಇಲ್ಲವಲ್ಲ, ನನ್ನದೂ ಇಲ್ಲ. ಕಾದಂಬರಿ ಈಗ ಮತ್ತೆ ಅಚ್ಚಿಗೆ ಹೋಗುತ್ತಿದೆ. ಮುನ್ನುಡಿಯಲ್ಲಿ ಏನಾದರೂ ಸೇರಿಸುವುದಿದೆಯಾ ಎಂದು ಪ್ರಕಾಶಕರು ಫೋನ್ ಮಾಡಿ ಕೇಳಿದರು. ಇದ್ದ ಹಾಗೇ ಇರಲಿ ಅಂದೆ.